ಕೆಂಪರಾಜ್ ಗುರುಗಳೂ ಅಕ್ಕಯಮ್ಮನ ಬೆರಳುಗಳೂ

ಬೂದಿಗೆರೆಯ ಅಕ್ಕಯಮ್ಮನಿಗೆ ಸಂಧಿವಾತ ಬಂದು ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಎದ್ದರೆ ಒಂದು ಗಂಟೆ ಬೆರಳು ಮಡಚಲು ಆಗದು. ಮನೆಯಲ್ಲಿ ಎರಡು ಸೀಮೆಹಸು. ಡೈರಿ ಬಾಗಿಲು ಹಾಕುವುದರೊಳಗೆ ಹಾಲು ಕರೆಯಬೇಕು. ದೇವನಹಳ್ಳಿಯ ಡಾಕ್ಟರು ಬರೆದ ಮಾತ್ರೆ ನುಂಗಿಕೊಂಡು ಹೇಗೋ ನಡೆದಿತ್ತು. ಆದರೆ ಊರಿನ ಬಸ್‌ಸ್ಟಾಪಿನಲ್ಲಿ ನಿಂತವರೆಲ್ಲ ಡಾಕ್ಟರೇ. “ಯೋಗ ಮಾಡಕ್ಕಾ, ಎಲ್ಲಾ ಓಡೋಗ್ತದೆ” ಎನ್ನುವವರಲ್ಲಿ ಒಬ್ಬರೂ ಬಗ್ಗಿ ತಮ್ಮ ಚಪ್ಪಲಿ ಎತ್ತಿಕೊಂಡದ್ದನ್ನು ಅವಳು ನೋಡಿರಲಿಲ್ಲ.

ಅದೇ ವರ್ಷ ಹೊಸ ಲೇಔಟಿನಲ್ಲಿ ಕೆಂಪರಾಜ್ ಯೋಗಕೇಂದ್ರ ತೆರೆದ. ಅದಕ್ಕೆ ಮೊದಲು ಅವನು ಸೈಟು ತೋರಿಸುವ ಬ್ರೋಕರ್. ಹದಿನೈದು ದಿನದ ಕೋರ್ಸು ಮುಗಿಸಿ, ಬಿಳಿ ಜುಬ್ಬಾ ತೊಟ್ಟು, ಈಗ ಆರೋಗ್ಯದ ದಾರಿ ತೋರಿಸಲು ನಿಂತಿದ್ದ. ಬೋರ್ಡಿನ ಮೇಲೆ ಇಪ್ಪತ್ತಮೂರು ಕಾಯಿಲೆಗಳ ಹೆಸರಿತ್ತು. ಜಾಗ ಉಳಿದಿದ್ದರೆ ಇನ್ನೂ ನಾಲ್ಕು ಗುಣವಾಗುತ್ತಿದ್ದವು.

ಸೊಸೆ ಅರ್ಪಿತಳ ಒತ್ತಾಯಕ್ಕೆ ಅಕ್ಕಯಮ್ಮ ಅಲ್ಲಿಗೆ ಸೇರಿದಳು. ಮೊದಲ ದಿನವೇ ಕೆಂಪರಾಜ್ ಅವಳ ಮಾತ್ರೆಯ ಶೀಟನ್ನು ಸತ್ತ ಹಲ್ಲಿಯಂತೆ ಎರಡು ಬೆರಳಲ್ಲಿ ಹಿಡಿದೆತ್ತಿದ.

“ಇದು ವಿಷ ಅಕ್ಕಾ. ಇದನ್ನ ಬಿಟ್ರೇನೇ ಯೋಗ ಕೆಲ್ಸ ಮಾಡೋದು.”

ಬಿಟ್ಟಳು. ಎಂಟನೆಯ ದಿನ ಮೊಣಕಾಲು ಊದಿತು, ಹತ್ತನೆಯ ದಿನ ಮಣಿಕಟ್ಟು. ವಜ್ರಾಸನಕ್ಕೆ ಕೂತವಳನ್ನು ಇಬ್ಬರು ಹೆಂಗಸರು ಎತ್ತಿ ನಿಲ್ಲಿಸಬೇಕಾಯಿತು. ಗುರುಗಳಿಗೆ ಮಾತ್ರ ಸಂತೋಷವೋ ಸಂತೋಷ.

“ವಿಷ ಹೊರಗಡೆ ಬರ್ತಾ ಐತೆ ಅಕ್ಕಾ. ಒಳ್ಳೇ ಲಕ್ಷಣ!”

ಹದಿನೈದನೆಯ ದಿನಕ್ಕೆ ಒಳ್ಳೇ ಲಕ್ಷಣ ಎಷ್ಟು ಜೋರಾಯಿತೆಂದರೆ, ಅವಳಿಗೆ ಸೀರೆಯ ನೆರಿಗೆ ಹಿಡಿಯಲೂ ಆಗಲಿಲ್ಲ. ಅರ್ಪಿತಳೇ ಉಡಿಸಿದಳು, ಹಾಲನ್ನೂ ಅವಳೇ ಕರೆದಳು. ಮೂವತ್ತು ವರ್ಷ ಆ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಚೊಂಬನ್ನು ಯಾರ ಕೈಗೂ ಕೊಡದಿದ್ದ ಅಕ್ಕಯಮ್ಮ ಗೋಡೆಗೆ ಒರಗಿ ನೋಡುತ್ತ ಅತ್ತುಬಿಟ್ಟಳು.

ಮಾರನೆಯ ದಿನ ಅರ್ಪಿತ ಅವಳನ್ನು ದೇವನಹಳ್ಳಿಗೆ ಕರೆದುಕೊಂಡು ಹೋದಳು. ಡಾಕ್ಟರ್ ಪ್ರಮೋದಾ ಊದಿದ ಕೈ ಹಿಡಿದು ನೋಡಿ ಕೇಳಿದರು:

“ಮಾತ್ರೆ ಬಿಡಿ ಅಂತ ಯಾರಮ್ಮಾ ಹೇಳಿದ್ದು?”

“ಯೋಗದ ಮೇಷ್ಟ್ರು.”

“ಏನ್ ಓದಿದಾರೆ ಅವ್ರು?”

“ಮುಂಚೆ ಸೈಟು ಮಾರ್ತಿದ್ರು ಮೇಡಮ್ಮೋರೆ.”

ಯೋಗಕ್ಕೂ ಮಂಗಳಾರತಿ ಆಗುತ್ತದೆ ಎಂದುಕೊಂಡಿದ್ದ ಅಕ್ಕಯಮ್ಮನಿಗೆ ಆಶ್ಚರ್ಯ ಕಾದಿತ್ತು. “ಮಾತ್ರೆ ಬಿಡ್ಬೇಡಿ, ಯೋಗಾನೂ ಬಿಡ್ಬೇಡಿ” ಎಂದ ಪ್ರಮೋದಾ ಅವಳನ್ನು ಕುರ್ಚಿಯ ಮೇಲೆ ಕೂರಿಸಿಯೇ ಹೇಳಿಕೊಟ್ಟರು: ಭುಜ ತಿರುಗಿಸುವುದು, ಬೆರಳು ಒಂದೊಂದಾಗಿ ಮಡಚಿ ಬಿಡಿಸುವುದು, ನಿಧಾನವಾಗಿ ಉಸಿರು ಬಿಡುವುದು. ಊತ ಇದ್ದ ದಿನ ಆ ಕೀಲಿಗೆ ವಿಶ್ರಾಂತಿ. ಇಷ್ಟು ಸುಲಭದ್ದಕ್ಕೆ ಯಾರು ತಾನೆ ಬೋರ್ಡು ಬರೆಸುತ್ತಾರೆ?

ಮೂರು ತಿಂಗಳಿಗೆ ಅಕ್ಕಯಮ್ಮ ಮತ್ತೆ ಒಂದು ಹಸು ಕರೆಯುವಂತಾದಳು. ಸುದ್ದಿ ತಿಳಿದದ್ದೇ ತಡ, ಕೆಂಪರಾಜ್ ಮನೆಗೆ ಓಡಿಬಂದ.

“ಯೋಗ ದಿನಾಚರಣೆ ಐತೆ ಅಕ್ಕಾ. ನಮ್ಮ ಕೇಂದ್ರದಿಂದಾನೇ ವಾಸಿಯಾಯ್ತು ಅಂತ ಎರಡು ಮಾತು ಹೇಳ್ಬಿಡಿ.”

ಹೋದಳು. ಶಾಲು, ಹಾರ ಎಲ್ಲ ಆದಮೇಲೆ ಮೈಕು ಹಿಡಿದಳು. “ಯೋಗ ಒಳ್ಳೇದೇ. ಮಾತ್ರೆ ಬಿಟ್ಟು ಮಾಡ್ದಾಗ ಸೀರೆ ಉಡಕ್ಕೂ ಆಗ್ಲಿಲ್ಲ. ಈಗ ಮಾತ್ರೆ ನುಂಗ್ಕೊಂಡು ಕುರ್ಚಿ ಮೇಲೆ ಕೂತು ಮಾಡ್ತೀನಿ. ಕಾಯಿಲೆ ಏನೂ ಹೋಗಿಲ್ಲ...” ಅಷ್ಟರಲ್ಲಿ ಮೈಕು ಕೆಟ್ಟಿತು. ಆಗ ಕೆಂಪರಾಜನ ಕೈ ಸ್ವಿಚ್ಚಿನ ಮೇಲಿದ್ದದ್ದು ಆಕಸ್ಮಿಕವಿರಬೇಕು.

ಮುಂದಿನ ತಿಂಗಳು ಯೋಗಕೇಂದ್ರದಲ್ಲಿ ‘ಆಚಾರ್ಯರ ಸ್ವಂತ ಆವಿಷ್ಕಾರ ಕುರ್ಚಿ ಯೋಗ’ ಶುರುವಾಯಿತು. ಅಷ್ಟರಲ್ಲಾಗಲೇ ಬಿಪಿ, ಶುಗರ್, ಮಂಡಿನೋವಿನ ಐದಾರು ಹೆಂಗಸರು ಹಾಲು ಹಾಕಿ ಬಂದು ಅಕ್ಕಯಮ್ಮನ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರತೊಡಗಿದ್ದರು. ಅವರವರ ಡಾಕ್ಟರನ್ನು ಕೇಳಿಕೊಂಡು ಬರಬೇಕು ಎನ್ನುವುದು ಅಕ್ಕಯಮ್ಮ ಹಾಕಿದ ಒಂದೇ ಷರತ್ತು. ಒಂದು ದಿನ ಹೊಸಬಳೊಬ್ಬಳು ಕೇಳಿದಳು:

“ಎಷ್ಟು ದಿನಕ್ಕೆ ವಾಸಿಯಾಯ್ತದೆ ಅಕ್ಕಾ?”

“ವಾಸಿಯಾಗಲ್ಲ ಕಣಮ್ಮಾ,” ಎಂದಳು ಅಕ್ಕಯಮ್ಮ. “ಕೂತ್ಕೋ, ಭುಜ ಸಡಿಲ ಬಿಡು.”