ಸೋದರತ್ತೆ ಕೆಡಿಸಿದ ಕತೆ

ಟೀವಿಯಲ್ಲಿ ಎಂದೋ ಸತ್ತವಳು ದಿಢೀರನೆ ಎದ್ದು ಬಂದರೆ ನನ್ನ ಮೊಮ್ಮಕ್ಕಳು ಸೀರಿಯಲ್ ಬರೆದವನನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ನಾನು ಬೈಯುವುದಿಲ್ಲ. ಬರೆಯುವಾಗ ಅವನ ಎದುರಿಗೆ ಯಾರು ಕೂತಿದ್ದರೋ ತಿಳಿಯಬೇಕೆನ್ನಿಸುತ್ತದೆ.

ನಾನು ಮದುವೆಯಾಗಿ ಸಾಸಲಿನ ಕಡೆಯ ಹಳ್ಳಿಗೆ ಬಂದಾಗ ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆ ಸಿಗುವುದೇ ಕಷ್ಟ. ಅವರೆಯ ಕಾಲದಲ್ಲಿ ನೆನೆಸಿದ ಕಾಳು ಹಿತುಕಿ ಸಿಪ್ಪೆ ತೆಗೆಯುವ ಕೆಲಸವನ್ನು ಕೇರಿಯ ಹೆಂಗಸರೆಲ್ಲ ಬೆಳಕಿರುವಾಗಲೇ ನಮ್ಮ ಜಗಲಿಯ ಮೇಲೆ ಕೂತು ಮುಗಿಸುತ್ತಿದ್ದರು. ಕೈ ಆಡುವಷ್ಟು ಹೊತ್ತು ನನ್ನ ಗಂಡನ ಸೋದರತ್ತೆ ಕತೆ ಕಟ್ಟಿ ಹೇಳುತ್ತಿದ್ದರು. ಕಾಳು ಮುಗಿದರೆ ಕತೆಯೂ ಅಲ್ಲಿಗೇ ನಿಂತಿತು, ಮಿಕ್ಕದ್ದು ನಾಳೆಗೆ. ಹೊಸ ಮನೆಯಲ್ಲಿ ಬಾಯಿ ಬಿಡಲೂ ಹೆದರುತ್ತಿದ್ದ ನನಗೆ ಕಾಯುವುದಕ್ಕೆ ಇದ್ದದ್ದು ಅದೊಂದೇ.

ಆ ವರ್ಷದ ಕತೆಯಲ್ಲಿ ಸಾಹುಕಾರನೊಬ್ಬ ಹುಡುಗಿಯೊಬ್ಬಳನ್ನು ಬಾವಿಗೆ ನೂಕಿ ಕೊಂದಿದ್ದ. ಅವಳ ಅಕ್ಕ ಗುರುತು ಮರೆಸಿಕೊಂಡು ಅವನ ಮನೆಗೇ ಅಡುಗೆಯವಳಾಗಿ ಸೇರಿದ್ದಳು. ಸೆರಗಿನ ಗಂಟಿನಲ್ಲಿ ವಿಷ. ಒಲೆಯ ಮೇಲೆ ಸಾರು ಕುದಿಯುತ್ತಿದೆ, ಅಕ್ಕ ಗಂಟು ಬಿಚ್ಚುತ್ತಿದ್ದಾಳೆ, ಅಷ್ಟರಲ್ಲಿ ನಾನು ಎದ್ದೋಡಿ ತಿಪ್ಪೆಯ ಹತ್ತಿರ ವಾಂತಿ ಮಾಡಿಕೊಂಡೆ.

ಬಸುರಿ ಎಂದು ಎಲ್ಲರಿಗೂ ತಿಳಿಯಿತು. ನಮ್ಮಲ್ಲಿ ಬಸುರಿಯ ಮುಂದೆ ಸಾವಿನ ಮಾತಾಡುವುದಿಲ್ಲ. ಮಾರನೆಯ ದಿನ ವಿಷ ಕಲ್ಲುಸಕ್ಕರೆಯಾಗಿತ್ತು. ಅದರ ಮಾರನೆಯ ದಿನ ಸತ್ತ ತಂಗಿ ಬಾಗಿಲಲ್ಲಿ ನಿಂತಿದ್ದಳು.

"ಏನಕ್ಕಾ, ಅವ್ಳ ಹೆಣ ತೇಲ್ತು ಅಂದಿದ್ರಲ್ಲ?" ಎಂದಳು ಪಕ್ಕದ ಮನೆಯಾಕೆ.

"ಅದು ಬೇರೆಯೋಳ್ದು," ಎಂದರು ಸೋದರತ್ತೆ, ತಲೆಯೆತ್ತದೆ.

"ಯಾರ್ದು?"

"ಯಾರ್ದೋ ಕಣೇ. ನೀನು ಕಾಳು ಹಿತುಕು."

ಸಾಹುಕಾರ ಒಳ್ಳೆಯವನಾದ. ತಂಗಿಗೆ ಗಂಡು ಗೊತ್ತಾಯಿತು. ಚಪ್ಪರ ಹಾಕುವುದೇ ದಿನಗಟ್ಟಲೆ ನಡೆಯಿತು. ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಎತ್ತಿಕೊಂಡು ಬೇರೆ ಜಗಲಿ ನೋಡಿಕೊಂಡರು. ನನಗೆ ಕೋಪ ಉಕ್ಕಿ ಬರುತ್ತಿತ್ತು. ನನಗಾಗಿ ಕತೆಯ ಕತ್ತು ಹಿಸುಕಿದ್ದರು, ನನ್ನನ್ನೊಂದು ಮಾತು ಕೇಳಿರಲಿಲ್ಲ. ನಿಜಕ್ಕೂ ಏನಾಗಬೇಕಿತ್ತು ಎಂದು ತಿಳಿಯದೆ ನಿದ್ದೆ ಬರುತ್ತಿರಲಿಲ್ಲ. ಕೇಳಿದರೆ, "ಹೆತ್ತು ಬಾ, ಹೇಳ್ತೀನಿ" ಎನ್ನುತ್ತಿದ್ದರು.

ತವರಿನಲ್ಲಿ ಹೆತ್ತು ಬಂದೆ. ಮತ್ತೆ ಅವರೆ ಬಂತು. ಜಗಲಿಯ ಮೇಲೆ ನಾವಿಬ್ಬರೇ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅವರೆದುರು ಗಟ್ಟಿಯಾಗಿ ಕೂತೆ.

"ಈಗ್ಲಾದ್ರೂ ಹೇಳಿ ಅತ್ತೆ. ಅಕ್ಕ ವಿಷ ಹಾಕಿದ್ಲಾ?"

"ಹಾಕಿದ್ಲು."

"ಸಾಹುಕಾರ ಸತ್ನಾ?"

"ಅವ್ನು ಅವತ್ತು ಮನೇಲಿ ಉಣ್ಲಿಲ್ಲ ಕಣಮ್ಮಾ. ಅವ್ನ ಸೊಸೆ, ಪಾಪ ಬಸ್ರಿ ಹೆಂಗ್ಸು, ಹಸಿವು ತಡೀಲಾರ್ದೆ ತಟ್ಟೆ ಹಿಡ್ಕೊಂಡು ಅಡ್ಗೆಮನೆಗೆ ಬತ್ತಾಳೆ. ಒಂಚೂರು ಸಾರು ಬಿಡಕ್ಕಾ ಅಂತಾಳೆ. ಅಲ್ಲಿಗೆ ಬರೋವಷ್ಟ್ರಲ್ಲಿ ನೀನು ಎದ್ದೋಗಿ ವಾಂತಿ ಮಾಡ್ಕೊಂಡೆ."

ಎಂಥ ಕತೆ! ಹೆಂಗಸರು ಕಾಳು ಹಿತುಕುವುದನ್ನೂ ಮರೆತು ಕೂರಬಹುದಾಗಿದ್ದ ಕತೆ. ಅಕ್ಕ ಈಗ ಬಡಿಸುತ್ತಾಳಾ? ಬೇಡ ಎಂದು ಕೈ ಹಿಡಿದು ತಾನೇ ಸಿಕ್ಕಿಬೀಳುತ್ತಾಳಾ? ಸೋದರತ್ತೆ ಇನ್ನೊಂದು ಹಿಡಿ ಕಾಳು ತೆಗೆದುಕೊಂಡು ಬಾಯಿ ತೆರೆದರು. ತೊಡೆಯ ಮೇಲೆ ಮಗು ನನ್ನ ಸೆರಗು ಹಿಡಿದು ಚೀಪುತ್ತಿತ್ತು.

"ಚೆಲ್ಬುಡಿ ಅತ್ತೆ," ಎಂದೆ. "ಆ ಸಾರ್ನ ಮೊದ್ಲು ಚೆಲ್ಬುಡಿ."