ಬೇಳೆ ಮಿಲ್ಲಿನ ಬೀಗರು

ಡಿಗ್ರಿಯ ಕೊನೆಯ ವರ್ಷ ಸುರಪುರದ ನಮ್ಮ ಕಾಲೇಜು ನನ್ನನ್ನು ಶಹಾಪುರದ ಒಂದು ಬೇಳೆ ಮಿಲ್ಲಿಗೆ ಇಂಟರ್ನ್‌ಶಿಪ್‌ಗೆ ಕಳಿಸಿತು. ಅದೊಂದು ಮುಗಿದರೆ ನೌಕರಿ ತಾನಾಗಿ ಹುಡುಕಿಕೊಂಡು ಬರುತ್ತದೆ ಎಂದು ಪ್ರಿನ್ಸಿಪಾಲರು ಹೇಳಿದ್ದರು.

ಮಿಲ್ಲಿನ ಸಾಹುಕಾರರು ಮೊದಲು ಕೇಳಿದ್ದು ಒಂದೇ ಮಾತು. "ಪಗಾರ ಎಷ್ಟು ಕೊಡಬೇಕವ್ವಾ?"

"ಪಗಾರ ಇರಂಗಿಲ್ರಿ."

"ಪಗಾರ ಇಲ್ದ ಬಂದೋರು ಆಳಲ್ಲ, ಬೀಗರು. ಬೀಗರ ಕೈಲೆ ಕೆಲಸ ಮಾಡಿಸಿದ್ರ ಊರು ನಗ್ತದ. ಕುಂದರವ್ವಾ."

ತಿಂಗಳಿಡೀ ಕೂತೆ. ಲೆಕ್ಕ ಬರೆಯಲು ಪೆನ್ನು ಹಿಡಿದರೆ ಗುಮಾಸ್ತ ಅದನ್ನು ಕಸಿದುಕೊಂಡು ಚಹಾ ಕೈಗಿಡುತ್ತಿದ್ದ. ತೂಕದ ಯಂತ್ರದ ಹತ್ತಿರ ಹೋದರೆ ಹಮಾಲರು ಅಲ್ಲಿಗೇ ಕುರ್ಚಿ ತಂದಿಡುತ್ತಿದ್ದರು. ಹನ್ನೊಂದಕ್ಕೆ ತಪ್ಪದೆ ನೆನೆಸಿದ ಮಂಡಕ್ಕಿಯ ಸುಸಲಾ, ಮಿರ್ಚಿ ಬಜ್ಜಿ ಬರುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ತಿನ್ನುತ್ತಿದ್ದೆ. ಕೊನೆಯ ದಿನ ಸಾಹುಕಾರರ ಹೆಂಡತಿ ಕುಂಕುಮ ಹಚ್ಚಿ, ಉಡಿ ತುಂಬಿ, "ಮತ್ತ ಬಾ ಯವ್ವಾ" ಎಂದು ಕಳಿಸಿದರು. ನನ್ನ ಸರ್ಟಿಫಿಕೇಟು ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲಿನ ನಡುವೆ ಇತ್ತು.

ಅದನ್ನೇ ಹಿಡಿದು ಯಾದಗಿರಿಯ ಒಂದು ಕಂಪನಿಗೆ ಸಂದರ್ಶನಕ್ಕೆ ಹೋದೆ. ಸರ್ಟಿಫಿಕೇಟಿಗೆ ಅಂಟಿದ್ದ ಕುಂಕುಮವನ್ನು ಉಗುರಿನಿಂದ ಕೆರೆಯುತ್ತ ಮ್ಯಾನೇಜರು, "ಅನುಭವ ಅದ, ಚಲೋ ಆತು. ನಾಳಿಂದ ಬರ್ರಿ. ಮೊದಲ ಆರು ತಿಂಗಳು ಟ್ರೇನಿಂಗ್, ಪಗಾರ ಇರಂಗಿಲ್ಲ" ಎಂದರು.

"ಆಗ್ಲಿರಿ," ಎಂದೆ. "ಸುಸಲಾ ಎಷ್ಟೊತ್ತಿಗೆ ಬರ್ತದ್ರಿ?"