ಬಿಚ್ಚಿ ನೋಡಿದ ಕಸಿ

ಭಾಗ್ಯಾ ಮತ್ತು ಶರಣು, ನನ್ನ ಮೊಮ್ಮಕ್ಕಳೇ, ಮೊನ್ನೆ ನರ್ಸರಿಯಿಂದ ತಂದ ಮಾವಿನ ಸಸಿಯ ಕಸಿಗಂಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ನೀವು ಬಿಚ್ಚಲು ಹೋದಾಗ ನಾನು ಚೀರಿದೆ. ನಿಮ್ಮ ಆಯಿ ಅಷ್ಟು ಜೋರಾಗಿ ಮಾತಾಡಿದ್ದನ್ನು ನೀವು ಎಂದೂ ಕೇಳಿರಲಿಲ್ಲ. "ನಾ ಏನ್ ಮಾಡೇನಿ, ಆಯಿ?" ಎಂದು ಭಾಗ್ಯಾ ಅಳುಮೋರೆ ಮಾಡಿದಳು. ಅವಳ ಉಗುರು ತಾಗಿದಲ್ಲಿ ಜಿನುಗಿದ ಸೊನೆಯ ವಾಸನೆ, ಆಳಂದದ ಈ ಹಿತ್ತಲಿನಿಂದ ನನ್ನನ್ನು ತವರೂರು ಇಜೇರಿಯ ಬಾವಿಯ ದಂಡೆಗೆ ಒಯ್ದು ನಿಲ್ಲಿಸಿತ್ತು. ಮಾತಾಡಲು ನನಗೆ ಮೊದಲಿನಿಂದಲೂ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಪ್ಪ ಕಸಿ ಕಟ್ಟುವುದರಲ್ಲಿ ಹೆಸರಾದವನು. ಅಫಜಲಪುರದ ಕಡೆಯ ಅತನೂರಿನಿಂದಲೂ ಜನ ಅವನನ್ನು ಕರೆಯಲು ಬರುತ್ತಿದ್ದರು. ನಮ್ಮ ಬಾವಿಯ ಪಕ್ಕ ಒಂದು ಮುದಿ ಮಾವಿನ ಮರವಿತ್ತು. ಹಣ್ಣು ಅಷ್ಟು ಸಿಹಿ ಎಂದು ಅದಕ್ಕೆ ಬೆಲ್ಲದ ಗಿಡ ಎನ್ನುತ್ತಿದ್ದೆವು. ಗೆದ್ದಲು ತಿಂದು ಬುಡ ಟೊಳ್ಳಾಗಿತ್ತು. ಇನ್ನೊಂದು ಮಳೆಗಾಲ ತಡೆಯುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ಶಿವರಾತ್ರಿ ಮುಗಿದ ಮೇಲೆ ಟೊಂಗೆಯ ಎತ್ತರಕ್ಕೆ ಬಡಿಗೆಗಳ ಅಟ್ಟ ಕಟ್ಟಿ, ಮೂರು ಸಸಿಗಳನ್ನು ಕುಂಡಗಳ ಸಮೇತ ಅದರ ಮೇಲಿಟ್ಟ. ಸಸಿಯ ತೊಗಟೆಯನ್ನೂ ಟೊಂಗೆಯ ತೊಗಟೆಯನ್ನೂ ಕೆತ್ತಿ, ಗಾಯಕ್ಕೆ ಗಾಯ ಹೊಂದಿಸಿ, ಅವ್ವನ ಹಳೆಯ ಸೀರೆಯ ಅಂಚಿನಿಂದ ಬಿಗಿದು, ಮೇಲೆ ಸಗಣಿ-ಮಣ್ಣು ಮೆತ್ತಿದ. ಎರಡೂ ಒಂದಾದ ಮೇಲೆ ಟೊಂಗೆಯನ್ನು ಕತ್ತರಿಸಿದರೆ, ಸಸಿಯ ಬೇರಿನ ಮೇಲೆ ಹಳೆಯ ಮರವೇ ಮತ್ತೆ ಬೆಳೆಯುತ್ತದೆ.

ದಿನಾ ಎರಡು ಹೊತ್ತು ಅಟ್ಟ ಹತ್ತಿ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ನೀರು ಹಾಕಿದ ಕೈಯೇ ಕಸಿ ಕೂಡುವವರೆಗೂ ಹಾಕಬೇಕು, ನಡುವೆ ಕೈ ಬದಲಾಗಬಾರದು ಎಂಬುದು ಅಪ್ಪನ ನೇಮ. ಆ ವರ್ಷ ನಾನು ಏಳನೆಯದರ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಜೇವರ್ಗಿಯ ಹೆಣ್ಣುಮಕ್ಕಳ ವಸತಿಶಾಲೆಗೆ ಸೇರಿಸಿರೆಂದು ಮಾಸ್ತರರು ಮನೆಗೇ ಬಂದು ಹೇಳಿದ್ದರು. ಅಪ್ಪ ಒಪ್ಪಿದ್ದ. "ಕಸಿ ಕೂಡ್ಲಿ ಬೇ, ಮರುದಿನಾನೇ ನಾ ಬಿಟ್ಟು ಬರ್ತೇನಿ" ಎಂದಿದ್ದ. ಸೋದರತ್ತೆ ಬಾವಿಗೆ ಬಂದಾಗಲೆಲ್ಲ ಕೊಡ ತುಂಬುತ್ತ, ಅಟ್ಟದ ಮೇಲಿನ ನನ್ನನ್ನು ನೋಡಿ ನಗುವಳು: "ಏನ್ ಬೇ, ನಿಮ್ಮಪ್ಪ ಮೂರ್ ಸಸಿ ಕಟ್ಯಾನೋ, ನಾಕ್ ಕಟ್ಯಾನೋ?"

ಅಟ್ಟದ ಮೇಲಿಂದ ಜೇವರ್ಗಿಗೆ ಹೋಗುವ ಬಸ್ಸಿನ ಧೂಳು ಕಾಣುತ್ತಿತ್ತು. ಧೂಳು ಇಳಿದ ಮೇಲೂ ನಾನು ನೋಡುತ್ತಲೇ ಇರುತ್ತಿದ್ದೆ. ಒಂದು ಮಧ್ಯಾಹ್ನ ತಡೆಯಲಾಗದೆ, ಕೂಡಿದೆಯೋ ಇಲ್ಲವೋ ಎಂದು ಗಂಟು ಬಿಚ್ಚಿ ನೋಡಿದೆ. ಗಾಯದ ಅಂಚಿನಲ್ಲಿ ಹಾಲಿನ ಕೆನೆಯಂಥದ್ದೇನೋ ಎದ್ದಿತ್ತು. ಹಿಗ್ಗಿ ಮತ್ತೆ ಬಿಗಿದು, ಸಗಣಿ ಮೆತ್ತಿದೆ. ನಾಲ್ಕು ದಿನಕ್ಕೆ ಇನ್ನೊಮ್ಮೆ ಬಿಚ್ಚಿದೆ. ಆಮೇಲೆ ದಿನ ಬಿಟ್ಟು ದಿನ, ಮೂರನ್ನೂ. ಕೂಡತೊಡಗಿದ್ದನ್ನು ಪ್ರತಿಸಲ ನನ್ನ ಕೈಯೇ ಹರಿಯುತ್ತಿದೆ ಎಂದು ತಿಳಿಯಲಿಲ್ಲ.

ತಿಳಿದದ್ದು ಮೊದಲ ಮಳೆ ಬಿದ್ದು ಅಪ್ಪ ಚಾಕು ಹಿಡಿದು ಅಟ್ಟ ಹತ್ತಿದಾಗ. ಮೂರೂ ಗಂಟುಗಳ ಒಳಗೆ ತೊಗಟೆ ಕಪ್ಪಾಗಿ ಒಣಗಿತ್ತು. "ಯಾರರ ಬಿಚ್ಚಿದ್ರೇನ್ ಬೇ?" ಎಂದು ಕೇಳಿದ. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅಪ್ಪ ಬಹಳ ಹೊತ್ತು ತನ್ನ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡ. "ಹಂಗಾದ್ರ ನನ್ನ ಕೈ ಕೆಟ್ಟದ" ಎಂದ. ಇನ್ನಷ್ಟು ಮೇಲೆ ಹಸಿ ತೊಗಟೆ ಕೆತ್ತಿ ಮತ್ತೆ ಕಟ್ಟಿದ. ಮತ್ತೆ ನನ್ನ ಕೈಯದೇ ನೀರು. ಆ ಸಲ ಒಮ್ಮೆಯೂ ಬಿಚ್ಚಲಿಲ್ಲ. ವಸತಿಶಾಲೆಗೆ ಸೇರುವ ದಿನ ಬಂತು, ಹೋಯಿತು. ಶ್ರಾವಣದ ಒಂದು ಗಾಳಿಮಳೆಗೆ ಬೆಲ್ಲದ ಗಿಡ, ಅಟ್ಟ ಕುಂಡಗಳ ಸಮೇತ ಬಾವಿಯ ಕಡೆ ಉರುಳಿತು.

ಅಪ್ಪ ಚಾಕುವನ್ನು ಜಂತಿಯ ಸಂದಿಗೆ ಸಿಕ್ಕಿಸಿದ, ಮತ್ತೆ ತೆಗೆಯಲಿಲ್ಲ. ಕರೆಯಲು ಬಂದವರಿಗೆ, "ಕೈ ಕೆಟ್ಟದ್ರಿ, ಬ್ಯಾರೇದವ್ರನ್ನ ನೋಡ್ರಿ" ಎನ್ನುತ್ತಿದ್ದ. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಹೇಳಿಬಿಡಬೇಕೆಂದು ಹೊಸ್ತಿಲವರೆಗೆ ಬರುತ್ತಿದ್ದೆ, ಹಾಗೇ ಒಳಗೆ ತಿರುಗುತ್ತಿದ್ದೆ. ಆಮೇಲೆ ಆಳಂದಕ್ಕೆ ಸೊಸೆಯಾಗಿ ಬಂದೆ. ನಿಮ್ಮ ಅಜ್ಜನೊಂದಿಗೆ ಅಷ್ಟು ವರ್ಷ ಬಾಳಿದರೂ ಅವರಿಗೂ ಹೇಳಲಿಲ್ಲ. ಅಪ್ಪ ಹೋದ. ಮನೆ ಕೆಡವಿದರು, ಬಾವಿ ಮುಚ್ಚಿದರು. ಆ ಹಣ್ಣಿನ ರುಚಿ ಬಲ್ಲವಳು ಈಗ ನಾನೊಬ್ಬಳೇ. ಒಮ್ಮೊಮ್ಮೆ, ಆ ಅಟ್ಟದಿಂದ ನಾನಿನ್ನೂ ಇಳಿದೇ ಇಲ್ಲ ಎನಿಸುತ್ತದೆ.

ನಿಮ್ಮ ಸಸಿ ಎರಡು ಸಲ ಚಿಗುರುವವರೆಗೆ ಆ ಪಟ್ಟಿಯನ್ನು ಮುಟ್ಟಬೇಡಿರಿ. ಈ ಹಾಳೆಗಳನ್ನು ನಿಮ್ಮ ಶಾಲೆಯ ಪುಸ್ತಕಗಳ ನಡುವೆ ಜೋಪಾನವಾಗಿಡಿರಿ. ಅಪ್ಪನ ಕೈ ಕೆಟ್ಟಿರಲಿಲ್ಲ ಎಂಬ ಮಾತು ಬೇರೆಲ್ಲಿಯೂ ಇಲ್ಲ.